ಪುಟ ಎಣಿಸುವವರಿಗೆ

ದೇವನೂರ ಮಹಾದೇವ ಬರೆದದ್ದು ಕಡಿಮೆ ಅಂತಾರ. ಅಲ್ರೀ, ಸಾಹಿತ್ಯವೇನು ಜೋಳದ ಚೀಲವೇ, ತೂಗಿ ಬೆಲೆ ಕಟ್ಟಲಿಕ್ಕೆ? 'ದ್ಯಾವನೂರು', 'ಒಡಲಾಳ', 'ಕುಸುಮಬಾಲೆ' ಮೂರೂ ಒಂದೇ ಕಂಕುಳಲ್ಲಿ ಹಿಡಿಸುತ್ತವೆ. ಅವುಗಳಲ್ಲಿ ನಂಜನಗೂಡು ಸೀಮೆಯ ಕೇರಿ ತನ್ನ ಬಾಯಿಂದಲೇ ಮಾತಾಡಿತು. ಆ ಮಾತು ತಿಳಿಯೋದಿಲ್ಲ ಅಂದವರೇ, ನಿಮ್ಮ ಗ್ರಂಥದ ಕನ್ನಡ ನಮ್ಮವ್ವಂದಿರಿಗೆ ಎಂದು ತಿಳಿದಿತ್ತು? ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಕೂತು ಓದುವ ನಮಗೆ ಆ ಸೀಮೆಯ ಮಾತು ಬೇರೆ, ಹಸಿವು ಬೇರೆಯಲ್ಲ.

1990ರಲ್ಲಿ 'ಕುಸುಮಬಾಲೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ, ಕನ್ನಡ ಇನ್ನೂ ಶಿಕ್ಷಣ ಮಾಧ್ಯಮವಾಗಿಲ್ಲವೆಂದು ನೃಪತುಂಗ ಪ್ರಶಸ್ತಿಯನ್ನೇ ಬೇಡವೆಂದರು. 2015ರಲ್ಲಿ ಅಸಹಿಷ್ಣುತೆಯನ್ನು ವಿರೋಧಿಸಿ ಅಕಾಡೆಮಿ ಪ್ರಶಸ್ತಿ, ಪದ್ಮಶ್ರೀ ಎರಡನ್ನೂ ಹಿಂದಿರುಗಿಸಿದರು. ಪುಟ ಎಣಿಸುವವರು ಇದನ್ನೂ ಎಣಿಸಲಿ.

ಮಾಸ್ತರರೇ, ನಾಳೆ ನಮ್ಮ ಕೇರಿಯ ಕೂಸು ತನ್ನವ್ವನ ಮಾತಿನಲ್ಲಿ ಉತ್ತರ ಬರೆದರೆ ಕೆಂಪು ಗೆರೆ ಎಳೆಯಬೇಡಿರಿ.