ಹಳೆಯ ಹಾಡಿಗೆ ಹೊಸ ಹಾಡು ಜೀತಕ್ಕಿರಬೇಕೆ?

ದಿಲ್ಲಿಯ ‘ಇಂಡಿಯನ್ ಓಷನ್’ ಸಂಗೀತ ತಂಡ ಹೊಸ ಆಲ್ಬಂ ಹೊರತಂದಾಗಲೆಲ್ಲ ಅಭಿಮಾನಿಗಳಿಂದ ಮೊದಲು ಕೇಳಿಬರುವ ಮಾತು ಒಂದೇ: ‘ಕಂದೀಸಾ’ದ ಮಟ್ಟಕ್ಕೆ ಬಂದಿಲ್ಲ. 2014ರಲ್ಲಿ ‘ತಂದಾನು’ ಬಂದಾಗ ಇದೇ ಮಾತು. 2023ರಲ್ಲಿ ‘ತೂ ಹೈ’ ಬಂದಾಗಲೂ ಇದೇ ಮಾತು. ಹೀಗೆ ತೀರ್ಪು ಕೊಡುವವರು ತಂಡದ ವೈರಿಗಳಲ್ಲ. ಅದರ ಹಾಡುಗಳನ್ನು ಎದೆಗವಚಿಕೊಂಡು ಬೆಳೆದವರು. ಇವರಿಗೆ ಎದುರಾಗಿ ಇನ್ನೊಂದು ಗುಂಪಿದೆ. ಕಲಾವಿದ ಬದಲಾಗಲೇಬೇಕು, ಮೆಚ್ಚದವರು ಹಳೆಯ ಕಾಲದಲ್ಲೇ ಉಳಿದವರು ಎಂಬುದು ಅವರ ವಾದ. ಇವರಿಬ್ಬರ ಜಗಳದಲ್ಲಿ ಒಂದು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಅದು ಹೊಸ ಹಾಡು.

ಇದು ಸಂಗೀತಪ್ರಿಯರ ಬಿಡುವಿನ ವೇಳೆಯ ಹರಟೆ, ಇದರ ಬಗ್ಗೆ ಬರೆಯುವುದೇನಿದೆ ಎಂದು ಕೆಲವರಿಗೆ ಅನಿಸಬಹುದು. ಹಾಗೆ ತಳ್ಳಿಹಾಕಲು ನಾವು ಸಿದ್ಧರಿಲ್ಲ. ಸಿನಿಮಾದ ಹಂಗಿಲ್ಲದೆ ಹಾಡು ಕಟ್ಟುವ ಕೆಲವೇ ಮಂದಿ ಈ ದೇಶದಲ್ಲಿದ್ದಾರೆ. ಅವರ ಬದುಕು ನಿಂತಿರುವುದು ಕೇಳುಗರ ಮೇಲೆ. ಕೇಳುಗರು ಹೇಗೆ ಕೇಳುತ್ತಾರೆ ಎಂಬುದು ಅವರ ಅನ್ನದ ಪ್ರಶ್ನೆಯೂ ಹೌದು, ನಮ್ಮ ಸಂಸ್ಕೃತಿಯ ಪ್ರಶ್ನೆಯೂ ಹೌದು.

ಮೊದಲಿಗೆ ಸ್ವಲ್ಪ ಇತಿಹಾಸ. ಗಿಟಾರ್ ವಾದಕ ಸುಸ್ಮಿತ್ ಸೇನ್ ಮತ್ತು ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ ಸೇರಿ 1990ರಲ್ಲಿ ಕಟ್ಟಿದ ತಂಡವಿದು. ಆಮೇಲೆ ಬಂದು ಸೇರಿದವರು ರಾಹುಲ್ ರಾಮ್ ಮತ್ತು ಅಮಿತ್ ಕಿಲಾಮ್. ರಾಹುಲ್ ರಾಮ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು, ನರ್ಮದಾ ಬಚಾವೋ ಆಂದೋಲನದಲ್ಲಿ ಕೆಲಸ ಮಾಡಿದವರು. ತಂಡದ ಮೊದಲ ಆಲ್ಬಂ ಬಂದದ್ದು 1993ರಲ್ಲಿ. ಎರಡನೆಯದಾದ ‘ಡೆಸರ್ಟ್ ರೇನ್’ ಯಾವ ಸ್ಟುಡಿಯೋದಲ್ಲೂ ತಯಾರಾದದ್ದಲ್ಲ. 1989ರ ಜನವರಿ 1ರಂದು ಬೀದಿನಾಟಕ ಆಡುತ್ತಿದ್ದಾಗಲೇ ಹಲ್ಲೆಗೊಳಗಾಗಿ ಮರುದಿನ ತೀರಿಕೊಂಡ ಸಫ್ದರ್ ಹಾಶ್ಮಿಯ ನೆನಪಿನಲ್ಲಿ ‘ಸಹಮತ್’ ಸಂಘಟನೆ ದಿಲ್ಲಿಯಲ್ಲಿ ಕಾರ್ಯಕ್ರಮ ನಡೆಸುತ್ತದೆ. 1997ರ ಜನವರಿ 1ರಂದು ಆ ವೇದಿಕೆಯಲ್ಲಿ ಈ ತಂಡ ನುಡಿಸಿದ್ದನ್ನೇ ಧ್ವನಿಮುದ್ರಿಸಿ ಹೊರತರಲಾಯಿತು.

2000ದಲ್ಲಿ ಬಂತು ‘ಕಂದೀಸಾ’. ಅದರ ಶೀರ್ಷಿಕೆ ಗೀತೆ ಕೇರಳದ ಸಿರಿಯನ್ ಕ್ರೈಸ್ತರು ತಲೆತಲಾಂತರದಿಂದ ಹಾಡಿಕೊಂಡು ಬಂದ ಸಿರಿಯಾಕ್ ಭಾಷೆಯ ಪ್ರಾರ್ಥನೆ. ಏಸು ಆಡಿದ ಅರಾಮಿಕ್ ನುಡಿಯ ಬಳ್ಳಿಗೆ ಸೇರಿದ ಭಾಷೆ ಅದು. ‘ಕಂದೀಸಾ’ ಎಂದರೆ ಪವಿತ್ರ. ಅರಬಿಯ ‘ಕುದ್ದೂಸ್’, ಉರ್ದುವಿನ ‘ಮುಕದ್ದಸ್’ ಹುಟ್ಟಿದ ಧಾತುವೇ ಇದರದ್ದೂ. ನಮ್ಮ ಓದುಗರಲ್ಲಿ ಅನೇಕರು ಪ್ರತಿದಿನ ನಾಲಿಗೆಯ ಮೇಲೆ ತರುವ ಪದದ ಒಡಹುಟ್ಟು ಅದು. ಆ ಪ್ರಾರ್ಥನೆಯ ಜೊತೆಗೆ ಅದೇ ಆಲ್ಬಮ್ಮಿನಲ್ಲಿ ನರ್ಮದಾ ನದಿಯನ್ನು ತಾಯಿಯೆಂದು ಕರೆಯುವ ‘ಮಾ ರೇವಾ’ ಇತ್ತು. 2003ರ ‘ಝೀನಿ’ಯಲ್ಲಿ ಕಬೀರ ಬಂದ, ಬೌದ್ಧರ ಮಂತ್ರ ಬಂತು. ಆಮೇಲೆ ‘ಬ್ಲ್ಯಾಕ್ ಫ್ರೈಡೇ’ ಸಿನಿಮಾಕ್ಕೆ ಸಂಗೀತ. 1993ರ ಮುಂಬೈ ಸ್ಫೋಟಗಳ ಕತೆಯ ಆ ಸಿನಿಮಾ ನ್ಯಾಯಾಲಯದ ತಡೆ ದಾಟಿ ತೆರೆಗೆ ಬಂದದ್ದು 2007ರಲ್ಲಿ. ಅಷ್ಟರಲ್ಲಾಗಲೇ ಪೀಯೂಷ್ ಮಿಶ್ರಾ ಬರೆದ ‘ಬಂದೇ’ ಹಾಡು ಕಾಲೇಜು ಹುಡುಗರ ಬಾಯಲ್ಲಿತ್ತು.

ಈಗ ನಾವು ಕೇಳುವ ಪ್ರಶ್ನೆ ಇಷ್ಟೇ. ‘ತಂದಾನು’ವನ್ನೂ ‘ತೂ ಹೈ’ಯನ್ನೂ ಅಳೆಯಲು ಇಂದು ಎತ್ತಿಕೊಂಡಿರುವ ಮಾನದಂಡವನ್ನು 2000ದಲ್ಲೇ ಎತ್ತಿಕೊಂಡಿದ್ದರೆ ‘ಕಂದೀಸಾ’ದ ಗತಿ ಏನಾಗುತ್ತಿತ್ತು? ‘ಡೆಸರ್ಟ್ ರೇನ್’ನಂತೆ ಇಲ್ಲ, ವೇದಿಕೆಯ ಒರಟು ಸೊಗಸು ಸ್ಟುಡಿಯೋದಲ್ಲಿ ಸತ್ತುಹೋಗಿದೆ ಎಂದು ಅದನ್ನು ಪಕ್ಕಕ್ಕೆ ಸರಿಸಬೇಕಾಗುತ್ತಿತ್ತು. ರಾಕ್ ಸಂಗೀತದ ಶುದ್ಧಿವಾದಿಗೆ ಅದು ರಾಕ್ ಅಲ್ಲ. ಶಾಸ್ತ್ರೀಯ ಸಂಗೀತದ ಶುದ್ಧಿವಾದಿಗೆ ಅದು ಶಾಸ್ತ್ರೀಯವಲ್ಲ. ಪ್ರಾರ್ಥನೆಯ ವಾರಸುದಾರನಿಗೆ ಅದು ಪ್ರಾರ್ಥನೆಯೂ ಅಲ್ಲ. ಇವರೆಲ್ಲರ ಅಳತೆಗೋಲನ್ನು ಮುರಿದಿದ್ದರಿಂದಲೇ ‘ಕಂದೀಸಾ’ ‘ಕಂದೀಸಾ’ ಆಯಿತು. ಅದನ್ನೇ ಇಂದು ಹೊಸ ಅಳತೆಗೋಲು ಮಾಡಿ ಮುಂದಿನ ಹಾಡುಗಳ ಬೆನ್ನಿಗೆ ಬಾರಿಸುವುದು ವಿಪರ್ಯಾಸವಲ್ಲದೆ ಮತ್ತೇನು?

ಅಭಿಮಾನಿಗಳ ವಾದದ ಅತ್ಯಂತ ಬಲವಾದ ಭಾಗ ಅಶೀಮ್ ಚಕ್ರವರ್ತಿಗೆ ಸಂಬಂಧಿಸಿದ್ದು. 2009ರ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದೆ ದೋಹಾದಲ್ಲಿದ್ದಾಗ ಅವರಿಗೆ ಹೃದಯಾಘಾತವಾಗಿತ್ತು. ಅವರ ದನಿ ಇಲ್ಲದ ಇಂಡಿಯನ್ ಓಷನ್ ಅದು ಹೇಗೆ ಇಂಡಿಯನ್ ಓಷನ್ ಆದೀತು ಎಂದು ಕೇಳುವವರ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. 2013ರಲ್ಲಿ ಸುಸ್ಮಿತ್ ಸೇನ್ ಕೂಡ ತಂಡ ಬಿಟ್ಟರು. ತಂಡ ಕಟ್ಟಿದ ಇಬ್ಬರೂ ಇಲ್ಲವೆಂದ ಮೇಲೆ ಉಳಿದದ್ದು ಹೆಸರು ಮಾತ್ರವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಉಳಿದವರು ಏನು ಮಾಡಿದರು ನೋಡಿ. ಅಶೀಮ್ ಹಾಗೆ ಹಾಡುವ, ಅಶೀಮ್ ಹಾಗೆ ನುಡಿಸುವ ಒಬ್ಬ ನಕಲನ್ನು ಹುಡುಕಿ ತಂದು ನಿಲ್ಲಿಸುವುದು ಸುಲಭದ ದಾರಿಯಾಗಿತ್ತು. ಅಭಿಮಾನಿಗಳೂ ಸುಮ್ಮನಾಗುತ್ತಿದ್ದರೇನೋ. ಅವರು ಹಾಗೆ ಮಾಡಲಿಲ್ಲ. ತಬಲಾಕ್ಕೆ ತುಹೀನ್ ಚಕ್ರವರ್ತಿ, ಹಾಡಲು ಹಿಮಾಂಶು ಜೋಶಿ ಎಂಬ ಇಬ್ಬರು ತರುಣರು ಬಂದರು. ಒಬ್ಬನ ಜಾಗ ತುಂಬಲು ಇಬ್ಬರು ಬೇಕಾಯಿತು ಎಂಬುದರಲ್ಲೇ ಹೋದವನಿಗೆ ಸಲ್ಲಬೇಕಾದ ಗೌರವವಿದೆ. ಅಶೀಮ್ ಬದುಕಿದ್ದಾಗಲೇ ಧ್ವನಿಮುದ್ರಿಸಿದ್ದ ಹಾಡುಗಳನ್ನು ‘16/330 ಖಜೂರ್ ರೋಡ್’ ಎಂಬ ಹೆಸರಿನಲ್ಲಿ 2010ರಲ್ಲಿ ತಿಂಗಳಿಗೊಂದರಂತೆ ಹೊರತಂದರು, ಅದೂ ಕೇಳುಗರಿಗೆ ಪುಕ್ಕಟೆಯಾಗಿ. ಕರೋಲ್ ಬಾಗಿನ ಹಳೆಯ ಮನೆಯಲ್ಲಿ ಅವರು ತಾಲೀಮು ನಡೆಸುತ್ತಿದ್ದರು. ಆ ಮನೆಯ ವಿಳಾಸವೇ ಆಲ್ಬಮ್ಮಿನ ಹೆಸರು. ಸತ್ತ ಗೆಳೆಯನಿಗೆ ಮಾಡಬೇಕಾದ ಮರ್ಯಾದೆ ಮಾಡಿ ಆಮೇಲೆ ಮುಂದಕ್ಕೆ ಹೆಜ್ಜೆಯಿಟ್ಟವರಿಗೆ, ನೀವೇಕೆ ಅಲ್ಲೇ ನಿಲ್ಲಲಿಲ್ಲ ಎಂದು ಕೇಳುವುದು ಪ್ರೀತಿಯ ಮಾತಲ್ಲ. ಸಾವಿನ ಮನೆಯಲ್ಲಿ ಕೂಡ ನಲವತ್ತು ದಿನ ಕಳೆದ ಮೇಲೆ ಒಲೆ ಹೊತ್ತಿಸಬೇಡಿ ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಹೊಸದೆಲ್ಲವನ್ನೂ ಕಣ್ಣುಮುಚ್ಚಿ ಹೊಗಳಬೇಕೆ? ಖಂಡಿತ ಇಲ್ಲ. ‘ತಂದಾನು’ವಿನಲ್ಲಿ ಏಳು ಹಾಡುಗಳಿವೆ, ಒಂದೊಂದರಲ್ಲೂ ಒಬ್ಬ ಅತಿಥಿ. ಶುಭಾ ಮುದ್ಗಲ್, ಶಂಕರ್ ಮಹಾದೇವನ್, ವಿಶ್ವಮೋಹನ್ ಭಟ್, ಸೆಲ್ವಗಣೇಶ್ ಮೊದಲಾದ ದೊಡ್ಡ ಹೆಸರುಗಳು. ನಮ್ಮ ಅಭಿಪ್ರಾಯದಲ್ಲಿ ಅಲ್ಲಿ ತಂಡ ಕೆಲವು ಕಡೆ ಅತಿಥಿಗೆ ಅತಿಯಾಗಿ ಜಾಗ ಬಿಟ್ಟುಕೊಟ್ಟಿದೆ. ಬಂದವರಿಗೆ ಬಡಿಸುವ ಭರದಲ್ಲಿ ಮನೆಯವರೇ ಉಣ್ಣದೆ ಎದ್ದಂತೆ ತೋರುತ್ತದೆ. ಇದು ಟೀಕೆ. ಇದಕ್ಕೆ ಯಾರಾದರೂ ಉತ್ತರ ಕೊಡಬಹುದು, ಇಂಥ ಹಾಡಿನ ಇಂಥ ಜಾಗದಲ್ಲಿ ನಿಮ್ಮ ಮಾತು ತಪ್ಪು ಎಂದು ತೋರಿಸಬಹುದು. ತಂಡದವರಿಗೂ ಅದರಿಂದ ಪ್ರಯೋಜನವುಂಟು. ಆದರೆ ‘ಕಂದೀಸಾದಂತಿಲ್ಲ’ ಎಂಬ ಮಾತಿಗೆ ಯಾರು ಏನು ಉತ್ತರ ಕೊಡಲು ಸಾಧ್ಯ? ಆ ಮಾತು ಹೇಳುವುದು ಹಾಡಿನ ಬಗ್ಗೆ ಅಲ್ಲ. ಅದನ್ನು ಹೇಳುವವನ ಇಪ್ಪತ್ತನೆಯ ವಯಸ್ಸಿನ ಬಗ್ಗೆ.

ನಿಜ ಹೇಳಬೇಕೆಂದರೆ ಅಭಿಮಾನಿ ಹಿಂದಕ್ಕೆ ಕೇಳುತ್ತಿರುವುದು ಆ ವಯಸ್ಸನ್ನೇ. ಹಾಸ್ಟೆಲಿನ ಕೋಣೆ, ಗೆಳೆಯರು, ಕ್ಯಾಸೆಟ್ಟಿನ ಎರಡು ಬದಿ ಮುಗಿಯುವವರೆಗೂ ಬೇರೆ ಕೆಲಸವಿಲ್ಲದ ಸಂಜೆ. ಅದನ್ನು ಯಾವ ಗಿಟಾರ್ ವಾದಕನೂ ಮರಳಿ ಕೊಡಲಾರ. ‘ಕಂದೀಸಾ’ವನ್ನು ನೂರು ಸಲ ಕೇಳಿ ಒಲಿಸಿಕೊಂಡವರು ‘ತೂ ಹೈ’ಯನ್ನು ಬಸ್ಸಿನ ಗದ್ದಲದಲ್ಲಿ ಒಂದೂವರೆ ಸಲ ಕೇಳಿ ತೀರ್ಪು ಬರೆಯುತ್ತಾರೆ. ನೂರು ಸಲಕ್ಕೂ ಒಂದೂವರೆ ಸಲಕ್ಕೂ ಪಂದ್ಯ ಇಟ್ಟರೆ ಗೆಲ್ಲುವುದು ಯಾವುದೆಂದು ಹೇಳಲು ಸಂಗೀತದ ಜ್ಞಾನ ಬೇಕಿಲ್ಲ. ಶಿಶುನಾಳ ಶರೀಫರ ಪದಗಳನ್ನು ಏಕತಾರಿ, ದಮ್ಮಡಿಯ ಭಜನೆಯಲ್ಲೂ ಕೇಳಿ ಆಮೇಲೆ ಸಿ. ಅಶ್ವತ್ಥ್ ಅವರ ವಾದ್ಯವೃಂದದಲ್ಲೂ ಕೇಳಿದ ಕನ್ನಡಿಗರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು ಮೊದಲನೆಯದನ್ನು ಕೊಲ್ಲಲಿಲ್ಲ. ಎರಡಕ್ಕೂ ಬೇರೆ ಬೇರೆ ಕಿವಿ ಬೇಕಾಗಿತ್ತು, ಅಷ್ಟೆ.

ಇನ್ನು ಅನ್ನದ ಮಾತು. ಸಿನಿಮಾದ ಹಾಡಿನ ಹಿಂದೆ ನಿರ್ಮಾಪಕನ ಹಣವಿದೆ, ನಟನ ಮುಖವಿದೆ, ಪ್ರಚಾರದ ಯಂತ್ರವಿದೆ. ಸ್ವತಂತ್ರ ಕಲಾವಿದನಿಗೆ ಇದಾವುದೂ ಇಲ್ಲ. ಕ್ಯಾಸೆಟ್ಟು, ಸಿ.ಡಿ.ಗಳ ಮಾರಾಟ ಮುಗಿದ ಕತೆ. ಈಗ ಹೊಟ್ಟೆ ಹೊರೆಯುವುದು ಮುಖ್ಯವಾಗಿ ವೇದಿಕೆಯ ಕಾರ್ಯಕ್ರಮಗಳಿಂದ. ಅಲ್ಲಿ ಜನ ಕೂಗಿ ಕೇಳುವುದು ಯಾವುದನ್ನು? ಇಪ್ಪತ್ತು ವರ್ಷ ಹಳೆಯ ಹಾಡನ್ನು. ಹೊಸ ಹಾಡು ಶುರುವಾದ ಕೂಡಲೇ ಒಂದಷ್ಟು ಮಂದಿ ಚಹಾ ಕುಡಿಯಲು ಎದ್ದು ಹೋಗುತ್ತಾರೆ. ಕಾರ್ಯಕ್ರಮ ಏರ್ಪಡಿಸುವವನು ಇದನ್ನು ಗಮನಿಸುತ್ತಾನೆ. ಮುಂದಿನ ಸಲ ‘ಹಳೆಯದನ್ನೇ ನುಡಿಸಿ’ ಎನ್ನುತ್ತಾನೆ. ಹಾಡು ಕೇಳಿಸುವ ಇಂದಿನ ಮೊಬೈಲ್ ಆ್ಯಪ್‌ಗಳೂ ಹಾಗೆಯೇ. ಹೆಚ್ಚು ಮಂದಿ ಕೇಳಿದ್ದನ್ನೇ ಮೇಲಕ್ಕೆ ತಂದು ಇನ್ನಷ್ಟು ಮಂದಿಗೆ ಕೇಳಿಸುತ್ತವೆ. ಹೀಗೆ ಹಳೆಯ ಹಾಡು ಕಲಾವಿದನಿಗೆ ಅನ್ನವನ್ನೂ ಕೊಡುತ್ತದೆ, ಕಾಲಿಗೆ ಸರಪಳಿಯನ್ನೂ ಹಾಕುತ್ತದೆ. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತಕ್ಕಿದ್ದ ಪದ್ಧತಿಯನ್ನು ಈ ನಾಡು ಕಂಡಿದೆ. ಹೊಸ ಹಾಡುಗಳನ್ನು ಹಳೆಯ ಹಾಡಿನ ಕೀರ್ತಿಗೆ ಹೀಗೆ ಜೀತಕ್ಕಿಟ್ಟವರು ಯಾರೋ ದೊಡ್ಡ ಕಂಪೆನಿಯವರಷ್ಟೇ ಅಲ್ಲ. ಅಭಿಮಾನಿಗಳ ಕೈಯೂ ಅದರಲ್ಲಿದೆ.

ಇದಕ್ಕಿಂತ ಆಳದ ಆತಂಕವೊಂದು ನಮಗಿದೆ. ಎಲ್ಲೋ ಹಿಂದೆ ಒಂದು ಶುದ್ಧವಾದ ಮೂಲವಿತ್ತು, ಆಮೇಲೆ ಬಂದದ್ದೆಲ್ಲ ಅದರ ಕಲಬೆರಕೆ ಎಂಬ ನಂಬಿಕೆ ಹಾಡಿನ ವಿಷಯದಲ್ಲಷ್ಟೇ ಇರುವುದಲ್ಲ. ಭಾಷೆಯ ಬಗ್ಗೆ, ಊಟದ ಬಗ್ಗೆ, ಉಡುಪಿನ ಬಗ್ಗೆ, ಇತಿಹಾಸದ ಬಗ್ಗೆ ಇದೇ ಮಾತು ಆಡುವವರ ದನಿ ಈ ದೇಶದಲ್ಲಿ ದಿನೇ ದಿನೇ ಜೋರಾಗುತ್ತಿದೆ. ಯಾವುದು ಮೂಲದ್ದು, ಯಾವುದು ಹೊರಗಿನದು ಎಂಬ ವಿಚಾರಣೆ ಬೀದಿಗೆ ಬಂದಾಗ ಅದರ ಬಿಸಿ ಯಾರಿಗೆ ತಟ್ಟುತ್ತದೆ ಎಂಬುದು ನಮ್ಮ ಓದುಗರಿಗೆ ಗೊತ್ತಿದೆ. ಹಳೆಯ ಆಲ್ಬಂ ಇಷ್ಟಪಡುವವರೆಲ್ಲ ಆ ಗುಂಪಿನವರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಬಹುಪಾಲು ಮಂದಿ ಆ ಗುಂಪಿಗೆ ವಿರುದ್ಧವಾಗಿಯೇ ನಿಂತವರು. ಅದಕ್ಕಾಗಿಯೇ ಅವರಿಗೆ ಈ ಮಾತು ಹೇಳಬೇಕಾಗಿದೆ. ಕೇರಳದ ಇಗರ್ಜಿಯ ಪ್ರಾರ್ಥನೆಯನ್ನೂ ನೇಕಾರ ಕಬೀರನ ಪದವನ್ನೂ ಮುಳುಗುತ್ತಿದ್ದ ಕಣಿವೆಯ ಜನರ ಹಾಡನ್ನೂ ಒಂದೇ ಮಗ್ಗದಲ್ಲಿ ನೇಯ್ದ ಸಂಗೀತವನ್ನು ಮೆಚ್ಚಿದವರು ನೀವು. ಆ ಬಟ್ಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಇನ್ನು ಮಗ್ಗ ನಿಲ್ಲಿಸಿ ಎನ್ನುವುದು ಸರಿಯೇ?

ಬೆರೆಸುವುದೇ ಅಪರಾಧವೆಂಬಂತೆ ನೋಡುವ ಕಾಲದಲ್ಲಿ ಬೆರೆಸುವ ಕೆಲಸ ಮಾಡುವವರಿಗೆ ತಪ್ಪುವ ಹಕ್ಕೂ ಇರಬೇಕು. ಹತ್ತು ಪ್ರಯೋಗ ಮಾಡಿದರೆ ಏಳು ಸಾಧಾರಣವಾದಾವು, ಎರಡು ಸೋತಾವು, ಒಂದು ‘ಕಂದೀಸಾ’ ಆದೀತು. ಆ ಒಂದು ಬೇಕೆಂದರೆ ಉಳಿದ ಒಂಬತ್ತಕ್ಕೂ ಕಿವಿ ಕೊಡುವ ತಾಳ್ಮೆ ಬೇಕು. ಸೋತದ್ದನ್ನು ಸೋತದ್ದೆಂದೇ ಹೇಳೋಣ, ಆದರೆ ಏಕೆ ಸೋತಿತೆಂಬುದನ್ನು ಆ ಹಾಡಿನೊಳಗಿನಿಂದಲೇ ತೋರಿಸೋಣ.

ನಮ್ಮ ಸಲಹೆ ಸರಳವಾದದ್ದು. ಮುಂದಿನ ಸಲ ಈ ತಂಡವಾಗಲಿ, ನಿಮ್ಮ ಮೆಚ್ಚಿನ ಇನ್ನಾವುದೇ ಹಾಡುಗಾರನಾಗಲಿ ಹೊಸದನ್ನು ತಂದಾಗ ಹಳೆಯದನ್ನು ಒಂದು ವಾರ ಕಪಾಟಿನಲ್ಲಿಡಿ. ಹೊಸದನ್ನು ಬಿಡುವು ಮಾಡಿಕೊಂಡು ಹತ್ತು ಸಲ ಕೇಳಿ. ಹಿಡಿಸದಿದ್ದರೆ ಯಾವ ಹಾಡು, ಏಕೆ ಎಂದು ಹೇಳಿ. ಹಿಡಿಸಿದರೆ ಟಿಕೆಟ್ ಕೊಂಡು ಕಾರ್ಯಕ್ರಮಕ್ಕೆ ಹೋಗಿ, ಸಭೆಯ ನಡುವಿನಿಂದ ಆ ಹೊಸ ಹಾಡಿನ ಹೆಸರನ್ನೇ ಕೂಗಿ ಕೇಳಿ. ಹಳೆಯ ಹಾಡನ್ನು ಅವರು ಹೇಗೂ ಹಾಡುತ್ತಾರೆ.