ಅಮೆರಿಕಕ್ಕೆ ಹೋಗುವ ಮಾತು ಧಾರವಾಡಕ್ಕೇಕೆ ಹೋಗಬಾರದಿತ್ತು?

2002ರ ನಂತರದ ಕಾಶಿಯನ್ನು ನೆನಪಿಸಿಕೊಳ್ಳಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲಿನಾಚೆ ಲಂಕಾ ಪೇಟೆ. ಅಲ್ಲಿ ಸೈಬರ್ ಕೆಫೆಗಳೂ ಇದ್ದವು, ಎಸ್‌ಟಿಡಿ ಬೂತುಗಳೂ ಇದ್ದವು. ಕೆಫೆಯ ಕಂಪ್ಯೂಟರಿನಿಂದ ನ್ಯೂಜೆರ್ಸಿಯ ಮನೆಯೊಂದರ ಫೋನಿಗೆ ಕರೆ ಮಾಡಿದರೆ ಅದು ಕಾನೂನುಬದ್ಧ. ಅದೇ ಕಂಪ್ಯೂಟರಿನಿಂದ ಧಾರವಾಡದಲ್ಲಿರುವ ಅಮ್ಮನ ಲ್ಯಾಂಡ್‌ಲೈನಿಗೆ ಕರೆ ಮಾಡಿದರೆ ನಿಯಮಬಾಹಿರ. ಓದಲು ಬಂದ ಕನ್ನಡದ ಹುಡುಗ ಎದ್ದು ಬೂತಿಗೆ ಹೋಗಿ, ಮೀಟರಿನ ಕೆಂಪು ಅಂಕಿಯ ಮೇಲೆ ಕಣ್ಣಿಟ್ಟು ಮಾತು ಮುಗಿಸಬೇಕಿತ್ತು.

ಆಗ ತಂತ್ರಜ್ಞಾನ ಅಷ್ಟು ಬೆಳೆದಿರಲಿಲ್ಲ ಎಂದು ಈಗ ಸಮಾಧಾನ ಹೇಳುವವರಿದ್ದಾರೆ. ಅದು ಸುಳ್ಳು.

ಅಂದಿನ ಬಹಳಷ್ಟು ಕಂಪ್ಯೂಟರುಗಳ ಒಳಗೇ ಮೋಡೆಮ್ ಇರುತ್ತಿತ್ತು. ಹಿಂಬದಿಯ ಪುಟ್ಟ ಕಿಂಡಿಗೆ ಫೋನಿನ ತಂತಿ ಸಿಕ್ಕಿಸಿದರೆ ಸಾಕು. ವಿಂಡೋಸ್ 95ರಲ್ಲೇ 'ಫೋನ್ ಡಯಲರ್' ಎಂಬ ತಂತ್ರಾಂಶವಿತ್ತು. ನಂಬರ್ ಒತ್ತಿದರೆ ಮೋಡೆಮ್ ಡಯಲ್ ಮಾಡುತ್ತಿತ್ತು, ನಾವು ರಿಸೀವರ್ ಎತ್ತಿ ಮಾತಾಡಬಹುದಿತ್ತು. ಧ್ವನಿ ಸೌಲಭ್ಯವಿದ್ದ ಮೋಡೆಮ್ ಆದರೆ ಮೈಕು, ಸ್ಪೀಕರುಗಳಲ್ಲೇ ಮಾತು ನಡೆಯುತ್ತಿತ್ತು. ಇದರಲ್ಲಿ ಉಳಿತಾಯವೇನೂ ಇರಲಿಲ್ಲ. ಅದು ಮಾಮೂಲಿ ಎಸ್‌ಟಿಡಿ ಕರೆ, ಬಿಲ್ಲೂ ಮಾಮೂಲಿ. ಉಳಿತಾಯ ಸಿಗುತ್ತಿದ್ದದ್ದು ಇನ್ನೊಂದು ದಾರಿಯಲ್ಲಿ: ಮೋಡೆಮ್ ಸ್ಥಳೀಯ ಕರೆ ಮಾಡಿ ಇಂಟರ್ನೆಟ್ಟಿಗೆ ಸೇರಿ, ನಮ್ಮ ದನಿ ದತ್ತಾಂಶವಾಗಿ ದೂರದ ಊರು ತಲುಪಿ, ಅಲ್ಲಿ ಮತ್ತೆ ಫೋನಿನ ತಂತಿಗೆ ಇಳಿಯುವುದು.

ಸರ್ಕಾರ ತಡೆದದ್ದು ಆ ಕೊನೆಯ ಹೆಜ್ಜೆಯನ್ನು. 2002ರ ಏಪ್ರಿಲ್ 1ರಂದು ಇಂಟರ್ನೆಟ್ ಟೆಲಿಫೋನಿಗೆ ಅನುಮತಿ ಬಂತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಆಗಬಹುದು, ಕಂಪ್ಯೂಟರಿನಿಂದ ವಿದೇಶದ ಫೋನಿಗೂ ಆಗಬಹುದು. ಭಾರತದೊಳಗಿನ ಫೋನಿಗೆ ಮಾತ್ರ ಕೂಡದು. ಮಗ ಅಮೆರಿಕದಲ್ಲಿರುವ ಮನೆಗೆ ಸಿಕ್ಕ ಸೌಕರ್ಯ, ಮಗ ಕಾಶಿಯಲ್ಲಿರುವ ಮನೆಗೆ ಸಿಗಲಿಲ್ಲ. ಎರಡೂ ಕಡೆ ಕಂಪ್ಯೂಟರ್ ಇದ್ದರೆ ಮಾತಾಡಿ ಎಂದರೆ, ಅಮ್ಮನ ಮನೆಯಲ್ಲಿ ಇದ್ದದ್ದು ಬರೀ ಫೋನು.

ದೂರದ ಕರೆಯ ಆದಾಯದಿಂದಲೇ ಹಳ್ಳಿಯ ಫೋನು ನಡೆಯುತ್ತಿತ್ತು, ಪರವಾನಗಿಗೆ ದುಡ್ಡು ಸುರಿದ ಕಂಪನಿಗಳು ಏನು ಮಾಡಬೇಕಿತ್ತು ಎಂಬ ವಾದವುಂಟು. ವಾದದಲ್ಲಿ ತಿರುಳಿದೆ. ಆದರೆ ಆ ನಷ್ಟ ತುಂಬಲೆಂದೇ 2003ರಲ್ಲಿ 'ಆಕ್ಸೆಸ್ ಡೆಫಿಸಿಟ್ ಚಾರ್ಜ್' ಎಂಬ ಶುಲ್ಕ ತಂದರಲ್ಲ? ಅದನ್ನು ನೆಟ್ ಕರೆಗೂ ಹಾಕಬಹುದಿತ್ತು. ಸುಂಕ ಕಟ್ಟಿಸಿಕೊಂಡು ಗಾಡಿ ಬಿಡುವುದು ಒಂದು ನೀತಿ. ರಸ್ತೆಗೇ ಗೋಡೆ ಕಟ್ಟುವುದು ಬೇರೆಯೇ ನೀತಿ. ನಾವು ಆರಿಸಿಕೊಂಡದ್ದು ಗೋಡೆಯನ್ನು.

ಆ ಗೋಡೆ ಬೇಗ ಬೀಳಲೂ ಇಲ್ಲ. 2014ರ ನವೆಂಬರ್‌ನಲ್ಲಿ ಸ್ಕೈಪ್ ಕೂಡ ಭಾರತದೊಳಗಿನ ಫೋನ್ ಕರೆಗಳನ್ನು ನಿಲ್ಲಿಸಿತು. ವಿದೇಶದ ಕರೆ ಮುಂದುವರಿಯಿತು. ದೂರಸಂಪರ್ಕ ಇಲಾಖೆ ದಾರಿ ಸ್ಪಷ್ಟಗೊಳಿಸಿದ್ದು 2018ರಲ್ಲಿ, ಅದೂ ಟೆಲಿಫೋನ್ ಸೇವೆಯ ಪರವಾನಗಿ ಇದ್ದವರಿಗೆ. ಆ ವರ್ಷ ಬಿಎಸ್‌ಎನ್‌ಎಲ್ 'ವಿಂಗ್ಸ್' ತರುವ ಹೊತ್ತಿಗೆ ಎಸ್‌ಟಿಡಿ ದರವೇ ನೆಲ ಕಚ್ಚಿತ್ತು, ಲ್ಯಾಪ್‌ಟಾಪಿನಿಂದ ಮೋಡೆಮ್ಮಿನ ಕಿಂಡಿಯೂ ಮಾಯವಾಗಿತ್ತು. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಈಗೇಕೆ ಈ ಹಳೇ ಕತೆ? ಆ ಖಾಲಿ ಜಾಗದಲ್ಲಿ ಇಂದು ವಾಟ್ಸಾಪ್ ಕೂತಿದೆ. ಅದರ ಕರೆ ಅದನ್ನೇ ಹಾಕಿಕೊಂಡವರಿಗೆ ಮಾತ್ರ ತಲುಪುತ್ತದೆ. ಲ್ಯಾಂಡ್‌ಲೈನ್ ನಂಬರಿಗೆ ಅಂಥ ಹಂಗಿರಲಿಲ್ಲ. ಯಾವ ಕಂಪನಿಯ ಫೋನಿನಿಂದಲಾದರೂ ಅದು ರಿಂಗಾಗುತ್ತಿತ್ತು. ಇಂಟರ್ನೆಟ್ಟನ್ನು ಆ ಸಾರ್ವಜನಿಕ ನಂಬರಿಗೆ ಸಕಾಲದಲ್ಲಿ ಬೆಸೆಯಲು ಬಿಟ್ಟಿದ್ದರೆ, ಅಮ್ಮನೊಡನೆ ಮಾತಾಡಲು ಖಾಸಗಿ ಕಂಪನಿಯೊಂದರ ಅಂಗಳಕ್ಕೆ ಇಬ್ಬರೂ ಹೋಗಿ ನಿಲ್ಲಬೇಕಾಗುತ್ತಿರಲಿಲ್ಲ. ಮುಂದಿನ ಸಲ ನಿಯಮ ಬರೆಯುವವರು ಮೊದಲು ಕೇಳಬೇಕಾದ್ದು ಯಾರ ಆದಾಯ ಉಳಿಯುತ್ತದೆ ಎಂದಲ್ಲ, ಯಾರ ಮಾತು ತಡೆಯುತ್ತದೆ ಎಂದು.