ಎಂಟನೇ ಡಬ್ಬಿ ನೀನ ಕಟ್ಟು

ಗಿಟಾರಿನ ಪೆಡಲ್ ಅಂದರ ಕಾಲಿಲೆ ಒತ್ತಿದರ ನಾದ ಬದಲಾಗೂ ಸಣ್ಣ ಡಬ್ಬಿ. ಮಗಳು ಅಂಥಾವು ಏಳು ಕೂಡಿಸಿದ್ದಳು. ಬೈದರ "ಕಪಾಟಿನ್ಯಾಗ ನಿನ್ನ ಸೀರಿ ಎಷ್ಟ ಅವ ಅವ್ವಾ?" ಅಂದಳು. ಸುಮ್ಮನಾದೆ. ಆದರ ಎಂಟನೇದು ಬೇಕಂದರ ನೀನ ಕಟ್ಟು ಅಂದೆ.

ಕಟ್ಟಲಿಕ್ಕೆ ಕೂತಳು. ಫಝ್ ಫೇಸ್ ಅಂತ, 1966ರಾಗ ಇಂಗ್ಲೆಂಡಿನ್ಯಾಗ ಬಂದ ಪೆಡಲ್. ಎರಡು ಟ್ರಾನ್ಸಿಸ್ಟರು, ನಾಕು ರೆಸಿಸ್ಟರು, ಮೂರು ಕೆಪಾಸಿಟರು, ತಿರುವೂ ಗುಂಡಿ ಎರಡು, 9 ವೋಲ್ಟಿನ ಬ್ಯಾಟರಿ. ನಮ್ಮ ಮಸಾಲಿ ಖಾರಕ್ಕ ಇದಕ್ಕಿಂತ ಹೆಚ್ಚು ಸಾಮಾನು ಬೇಕು!

ಮೊದಲನೇ ದಿನ ಬರೇ ಗುಂಯ್ ಅಂತು. ಒಂದು ಬೆಸಿಗಿ ಸರಿ ಕೂತಿರಲಿಲ್ಲ. ಮತ್ತ ಕಾಸಿ ಕೂಡಿಸಿದಳು. ಆಮ್ಯಾಲೆ ಟ್ರಾನ್ಸಿಸ್ಟರು ಬದಲಿ ಮಾಡಿ ಮಾಡಿ ನಾದ ಹೆಂಗ ಬದಲಾಗತದ ಅಂತ ಕೇಳಿಸಿದಳು. ಕೊಂಡ ಏಳರಿಂದ ಕಲೀದ್ದನ್ನ ಈ ಒಂದರಿಂದ ಕಲತಳು.

ಫಝ್ ನಾದ ಹೆಸರಾದದ್ದೂ ಕೆಟ್ಟ ಯಂತ್ರದಿಂದನ. ಅಮೆರಿಕದ ನ್ಯಾಶ್‌ವಿಲ್ಲಿನ್ಯಾಗ ಮಾರ್ಟಿ ರಾಬಿನ್ಸ್ ಅವರ ಹಾಡು ಮುದ್ರಿಸೂ ಮುಂದ ಯಂತ್ರ ಕೆಟ್ಟು ಗಿಟಾರು ಗರಗರ ಅಂತು. ಅದನ್ನ ತಗೀದ ಹಂಗ ಇಟ್ಟರು, 1961ರಾಗ ಹಾಡು ಮಂದಿಗೆ ಮುಟ್ಟಿತು. ಮರುವರ್ಷ ಅದ ನಾದ ಬರೂ ಡಬ್ಬಿ ಮಾರಾಟಕ್ಕ ಬಂತು. ಹಾಲು ಒಡದರ ನಾವೇನು ಚೆಲ್ಲತೇವೇನ್ರಿ?

ಓಣ್ಯಾಗ ಕೇಳತಾರ, "ಹುಡುಗಿ ಕೈಯಾಗ ಕಾದ ಕಡ್ಡಿ ಯಾಕ್ರೀ, ಸುಟ್ಟುಕೊಂಡಾಳು" ಅಂತ. ಆಕಿ ಹತ್ತು ವರ್ಷದಾಕಿ ಇದ್ದಾಗ ಕಾದ ಹಂಚಿನ ಮುಂದ ನಿಲ್ಲಿಸಿದೆ. ಆವಾಗ ಯಾರೂ ಕೇಳಲಿಲ್ಲ.